ಶಿವನಸಮುದ್ರದ ಕರೆಂಟು, ನಮ್ಮ ವ್ಯಾನಿನ ಫ್ಯೂಸು

ಹೋದ ತಿಂಗಳು ನಾವೆಲ್ಲ ಭಾವನವರ ವ್ಯಾನಲ್ಲಿ ತಲಕಾಡು, ಶಿವನಸಮುದ್ರ, ಮಾದಪ್ಪನ ಬೆಟ್ಟ ಅಂತ ಹೋಗಿ ಬಂದ್ವಲ್ಲ, ಅವತ್ತು ರಾತ್ರಿ ಏನಾಯ್ತು ಅಂತ ಫೋನಲ್ಲಿ ಕೇಳಿದವರೇ ಕೇಳಿದ್ದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ಆದರೆ ಬರೆಯೋಕೆ ಕೂತಾಗ ಅದು ಬರೀ ಒಂದು ರಾತ್ರಿ ಕಥೆ ಅನ್ನಿಸ್ಲಿಲ್ಲ. ನಮ್ಮ ಮನೆಗಳಿಗೆ ಕರೆಂಟು ಹೇಗೆ ಬಂತು, ಅದನ್ನ ನಮ್ಮ ಅತ್ತೆ-ಅಮ್ಮಂದಿರು ಹೇಗೆ ಸುಧಾರಿಸಿಕೊಂಡು ಬಂದ್ರು ಅನ್ನೋ ನೂರಿಪ್ಪತ್ತು ವರ್ಷದ ಕಥೆ ಅದರೊಳಗೆ ಸೇರಿಕೊಂಡಿದೆ. ಸ್ವಲ್ಪ ಉದ್ದ ಆಗುತ್ತೆ. ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ವ್ಯಾನು ನೀವೆಲ್ಲ ನೋಡಿದ್ದೀರಿ. ಭಾವ ರಿಟೈರಾದ ಮೇಲೆ ಹಳೇ ವ್ಯಾನೊಂದನ್ನ ತಗೊಂಡು, ಹಿಂದಿನ ಸೀಟೆಲ್ಲ ಕಿತ್ತಾಕಿ, ಎರಡು ಮಂಚ, ಒಂದು ಸಣ್ಣ ಅಡುಗೆಕಟ್ಟೆ, ಲೈಟು, ಫ್ಯಾನು ಹಾಕಿಸಿದ್ದಾರೆ. ಇಂಜಿನ್ನಿಗೆ ಒಂದು ಬ್ಯಾಟರಿ, ಮನೆ ಭಾಗಕ್ಕೆ ಮಂಚದ ಕೆಳಗೆ ಇನ್ನೊಂದು ಬ್ಯಾಟರಿ. ಅವತ್ತು ಶಿವನಸಮುದ್ರದ ಹತ್ತಿರ ಒಂದು ಛತ್ರದ ಅಂಗಳದಲ್ಲಿ ವ್ಯಾನು ನಿಲ್ಲಿಸಿದ್ವಿ. ಗಂಡಸರು ಛತ್ರದ ಜಗಲಿ ಮೇಲೆ ಮಲಗಿದ್ರು. ವ್ಯಾನೊಳಗೆ ನಾನು, ನನ್ನ ಓರಗಿತ್ತಿ, ಅವರ ನಾಲ್ಕು ವರ್ಷದ ಮೊಮ್ಮಗಳು. ರಾತ್ರಿ ಎರಡರ ಹೊತ್ತಿಗೆ ಅಕ್ಕ ನನ್ನ ಭುಜ ಅಲ್ಲಾಡಿಸಿದ್ರು. "ಏಳೇ, ರಬ್ಬರ್ ಚಪ್ಪಲಿ ಸುಟ್ಟಂಗೆ ವಾಸನೆ ಬತ್ತಾ ಐತೆ." ಲೈಟು ಒಂದ್ಸಲ ಮಂಕಾಗೋದು, ಒಂದ್ಸಲ ಜೋರಾಗೋದು.

ಅಕ್ಕ ನನ್ನ ಹಾಗೆ ಗಾಬರಿ ಬೀಳಲಿಲ್ಲ. ಮಗೂನ ಎತ್ತಿ ನನ್ನ ಕೈಗೆ ಕೊಟ್ಟು "ಕೆಳಗಿಳಿ" ಅಂದ್ರು. ಮಂಚದ ಹಲಗೆ ಎತ್ತಿ, ಬ್ಯಾಟರಿ ಪಕ್ಕದಲ್ಲಿರೋ ಕೀಲಿ ತಿರುವಿ, ಅದರ ಸಂಪರ್ಕಾನೇ ಕಡಿದುಬಿಟ್ರು. ವ್ಯಾನೆಲ್ಲ ಕತ್ತಲೆ. ಆಮೇಲೆ ಟಾರ್ಚ್ ಹಾಕಿ ನೋಡಿದರೆ, ಹಲಗೆ ಅಡಿ ಹೋಗಿದ್ದ ವೈರಿನ ಮೇಲ್ಹೊದಿಕೆ ಕರಗಿ ಪ್ಲೈವುಡ್ಡಿಗೆ ಅಂಟಿಕೊಂಡಿತ್ತು. ಅಂಗೈಯಗಲ ಕರ್ರಗೆ. ಹತ್ತಿ ಹಾಸಿಗೆ ಅಲ್ಲಿಂದ ಒಂದು ಬೆರಳು ದೂರ. ಅದೇ ಹಾಸಿಗೆ ಮೇಲೆ ಮಗು ಮಲಗಿತ್ತು.

"ಮೊದಲು ಮೇನ್ ಆಫ್ ಮಾಡು, ಆಮೇಲೆ ಕೂಗು." ಇದು ನಮ್ಮ ಅತ್ತೆ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದ ಮಾತು. ಅಕ್ಕನಿಗೆ ಅದು ನಿದ್ದೆಗಣ್ಣಲ್ಲೂ ನೆನಪಿತ್ತು. ನನಗೆ ಬೆಳಕಲ್ಲೂ ನೆನಪಿರಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಬೆಳಗ್ಗೆ ಎಲ್ಲರೂ ಜಲಪಾತ ನೋಡೋಕೆ ಹೋದ್ವಿ. ಗಗನಚುಕ್ಕಿ ಎದುರು ನಿಂತಾಗ ನನಗೆ ಹೊಳೀತು, ನಮ್ಮ ಊರಿನ ಕರೆಂಟಿನ ತವರುಮನೆ ಇದೇ ಅಲ್ವಾ ಅಂತ. ಅಲ್ಲಿನ ಪವರ್ ಹೌಸಿಗೆ ಆ ಕಡೆ ಜನ ಈಗಲೂ ಬ್ಲಫ್ ಅಂತಾರೆ. ಕಾವೇರಿ ನೀರನ್ನ ಕಾಲುವೆಯಲ್ಲಿ ತಂದು, ದಪ್ಪ ಪೈಪಿನಲ್ಲಿ ಕೆಳಕ್ಕೆ ಧುಮುಕಿಸಿ, ಚಕ್ರ ತಿರುಗಿಸಿ ಕರೆಂಟು ತೆಗೆಯೋ ಯೋಜನೆಗೆ ಒತ್ತಾಸೆಯಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಇಂಜಿನಿಯರಾಗಿ ಇದ್ದವರು ಕ್ಯಾಪ್ಟನ್ ಲಾಟ್‌ಬಿನಿಯರ್. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಕಾಡು-ಹಳ್ಳ ದಾಟಿಸಿ ಆ ಭಾರದ ಸಾಮಾನನ್ನ ಆನೆ, ಎತ್ತುಗಳಿಂದ ಎಳೆಸಿ ತಂದ್ರು. 1902ರ ಜೂನ್ 30ನೇ ತಾರೀಕು ಅಲ್ಲಿಂದ ಹೊರಟ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ತಂತಿ ದಾರಿ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಇಡೀ ಲೋಕದಲ್ಲೇ ಬಹಳ ಉದ್ದದ ತಂತಿದಾರಿ ಅದು. ಶೇಷಾದ್ರಿ ಅಯ್ಯರ್‌ಗೆ ಮಾತ್ರ ಅದನ್ನ ನೋಡೋ ಯೋಗ ಇರಲಿಲ್ಲ. 1901ರಲ್ಲೇ ತೀರಿಕೊಂಡಿದ್ರು.

ಇನ್ನೊಂದು ವಿಷಯ ನಾವು ಹೆಂಗಸರು ನೆನಪಿಟ್ಟುಕೊಳ್ಳಬೇಕು. ಆ ದಿನ ಮೈಸೂರಿನ ಆಡಳಿತ ನಡೆಸ್ತಿದ್ದಿದ್ದು ಒಬ್ಬರು ಹೆಣ್ಣುಮಗಳು. ಚಾಮರಾಜ ಒಡೆಯರು 1894ರಲ್ಲಿ ಹೋದಾಗ ಮಗ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ತಾಯಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ ಅಂತ ಕರೀತಾರಲ್ಲ ಅವರೇ, ರೀಜೆಂಟ್ ಆಗಿ ರಾಜ್ಯ ನೋಡಿಕೊಂಡ್ರು. ಮಗನಿಗೆ ಅಧಿಕಾರ ಕೊಟ್ಟಿದ್ದು 1902ರ ಆಗಸ್ಟ್‌ನಲ್ಲಿ. ಅಂದ್ರೆ ಕೋಲಾರಕ್ಕೆ ಕರೆಂಟು ಹೋಗಿ ಒಂದು ತಿಂಗಳ ಮೇಲೆ. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು, ಹೆತ್ತಿದ್ದು ಅವರ ಹೆಸರಿನ ವಾಣಿವಿಲಾಸ ಆಸ್ಪತ್ರೆಯಲ್ಲೇ. ಕರೆಂಟಿನ ಕಥೆಯಲ್ಲೂ ಅವರ ಹೆಸರಿದೆ ಅಂತ ನನಗೆ ಮೊದಲು ಗೊತ್ತೇ ಇರಲಿಲ್ಲ.

ಈಗ ವ್ಯಾನಿಗೆ ಬರ್ತೀನಿ, ಯಾಕಂದ್ರೆ ಶಿವನಸಮುದ್ರಕ್ಕೂ ವ್ಯಾನಿಗೂ ಒಂದು ಸಂಬಂಧ ಇದೆ. ಊರಿಗೆ ವಾಪಸ್ ಬಂದ ಮೇಲೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗನನ್ನ ಕರೆಸಿದ್ವಿ. ಅವನು ನನಗೆ ಒಂದು ಲೆಕ್ಕ ಹೇಳಿಕೊಟ್ಟ. "ಆಂಟಿ, ಅರವತ್ತು ವಾಟಿನ ಫ್ಯಾನಿಗೆ ಮನೆಯಲ್ಲಿ 230 ವೋಲ್ಟ್ ಬರುತ್ತೆ. ವೈರಲ್ಲಿ ಹರಿಯೋದು ಕಾಲು ಆಂಪ್ಸ್ ಅಷ್ಟೆ. ವ್ಯಾನಲ್ಲಿ ಇರೋದು 12 ವೋಲ್ಟ್. ಅದೇ ಅರವತ್ತು ವಾಟಿಗೆ ಐದು ಆಂಪ್ಸ್ ಹರೀಬೇಕು." ವಾಟನ್ನ ವೋಲ್ಟಿನಿಂದ ಭಾಗಿಸಿದರೆ ಆಂಪ್ಸ್. ಅರವತ್ತನ್ನ ಹನ್ನೆರಡರಿಂದ ಭಾಗಿಸಿದರೆ ಐದು. ವೈರು ಬಿಸಿಯಾಗೋದು ವೋಲ್ಟಿನಿಂದಲ್ಲ, ಹರಿಯೋ ಆಂಪ್ಸಿನಿಂದ. ಮನೆಯ ಫ್ಯಾನಿಗೆ ಸಾಕಾಗೋ ತೆಳ್ಳಗಿನ ವೈರು ವ್ಯಾನಿನ ಫ್ಯಾನಿಗೆ ಸಾಕಾಗಲ್ಲ.

ನಾನು ಅಲ್ಲಿವರೆಗೂ ಉಲ್ಟಾ ತಿಳ್ಕೊಂಡಿದ್ದೆ. ಬರೀ ಹನ್ನೆರಡು ವೋಲ್ಟು, ಮುಟ್ಟಿದರೂ ಶಾಕ್ ಹೊಡೆಯಲ್ಲ, ಅದರಿಂದೇನು ಅಪಾಯ ಅಂತ. ಶಾಕ್ ಹೊಡೆಯಲ್ಲ ನಿಜ. ಆದರೆ ಬೆಂಕಿ ಹತ್ತಿಸುತ್ತೆ.

ಶಿವನಸಮುದ್ರದವರಿಗೂ ಇದೇ ಲೆಕ್ಕ ಎದುರಾಗಿತ್ತು. 147 ಕಿಲೋಮೀಟರ್ ದೂರಕ್ಕೆ ಕಮ್ಮಿ ವೋಲ್ಟಿನಲ್ಲಿ ಅಷ್ಟೊಂದು ಕರೆಂಟು ಕಳಿಸಬೇಕು ಅಂದ್ರೆ ತಂತಿ ತೊಲೆಯಷ್ಟು ದಪ್ಪ ಬೇಕಾಗ್ತಿತ್ತು, ಅರ್ಧಕ್ಕರ್ಧ ದಾರಿಯಲ್ಲೇ ಬಿಸಿಯಾಗಿ ಹೋಗ್ತಿತ್ತು. ಅದಕ್ಕೇ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟನ್ನ ಹತ್ತಾರು ಸಾವಿರಕ್ಕೆ ಏರಿಸಿದ್ರು. ವೋಲ್ಟ್ ಏರಿದಷ್ಟೂ ಆಂಪ್ಸ್ ಇಳಿಯುತ್ತೆ, ತೆಳ್ಳಗಿನ ತಂತಿ ಸಾಕಾಗುತ್ತೆ. ಊರು ತಲುಪಿದ ಮೇಲೆ ಮತ್ತೆ ಇಳಿಸೋದು. ನಮ್ಮ ಬೀದಿ ಕೊನೆಯಲ್ಲಿ ಗುಂಯ್ ಅಂತ ಸದ್ದು ಮಾಡ್ತಾ ನಿಂತಿದೆಯಲ್ಲ ಟ್ರಾನ್ಸ್‌ಫಾರ್ಮರ್, ಅದರ ಕೆಲಸ ಅದೇ. ದೂರ ಹೋಗೋ ಕರೆಂಟಿಗೆ ವೋಲ್ಟ್ ಜಾಸ್ತಿ, ವೋಲ್ಟ್ ಕಮ್ಮಿ ಇದ್ದ ಕಡೆ ವೈರು ದಪ್ಪ, ಓಟ ಗಿಡ್ಡ. ಶಿವನಸಮುದ್ರದವರು 1902ರಲ್ಲಿ ಪಾಲಿಸಿದ ನಿಯಮಾನ ನಮ್ಮ ವ್ಯಾನಿಗೆ ವೈರ್ ಎಳೆದವನು ಪಾಲಿಸಿರಲಿಲ್ಲ. ಮನೆಗೆ ಎಳೆಯೋ ವೈರನ್ನೇ ವ್ಯಾನಿಗೂ ಎಳೆದಿದ್ದ.

ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರ ಆಗಸ್ಟ್ 5ರಂದು, ಈಗ ಕೆ.ಆರ್. ಮಾರ್ಕೆಟ್ ಇರೋ ಕಡೆ. ಅಲ್ಲಿವರೆಗೂ ಸೀಮೆಎಣ್ಣೆ ದೀಪ ಹಚ್ಚೋರು ಏಣಿ ಹೊತ್ತು ಸಂಜೆ ಸಂಜೆ ಬರ್ತಿದ್ರು. ಪೇಟೆಗೆ ಕರೆಂಟು ಬಂತು ಅಂದ್ರೆ ಎಲ್ಲರ ಮನೆಗೂ ಬಂತು ಅಂತಲ್ಲ. ಅನುಕೂಲಸ್ಥರ ಮನೆಗೆ ಮೊದಲು, ಉಳಿದವರಿಗೆ ಎಷ್ಟೋ ವರ್ಷದ ಮೇಲೆ. ನಮ್ಮ ಶ್ರೀಗಂಧದ ಕಾವಲ್ ಆಗ ಹೆಸರಿಗೆ ತಕ್ಕ ಹಾಗೆ ಕಾವಲೇ. ಸುಂಕದಕಟ್ಟೆ, ಕೊಟ್ಟಿಗೆಪಾಳ್ಯ, ಹೇರೋಹಳ್ಳಿ ಎಲ್ಲ ಊರಾಚೆಗಿನ ಹಳ್ಳಿಗಳು. ಮಾಗಡಿ ಕಡೆಯ ನನ್ನ ತವರಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಅರ್ಧ ಬಲ್ಬಿನ ಬೆಳಕಲ್ಲಿ, ಅರ್ಧ ಬುಡ್ಡಿದೀಪದ ಬೆಳಕಲ್ಲಿ. ಬೆಳಗ್ಗೆ ಎದ್ದರೆ ಮೂಗಿನೊಳಗೆಲ್ಲ ಮಸಿ.

ಅತ್ತೆಮನೆ ರಾಜಾಜಿನಗರದಲ್ಲಿ. 1949ರಲ್ಲಿ ಶುರುವಾದ ಬಡಾವಣೆ ಅದು, ರಾಜಗೋಪಾಲಾಚಾರಿಯವರ ಹೆಸರಲ್ಲಿ. ನಾನು ಸೊಸೆಯಾಗಿ ಹೋದಾಗ ಆ ಮನೆ ಗೋಡೆ ಮೇಲೆ ಮರದ ಪಟ್ಟಿ, ಪಟ್ಟಿ ಮೇಲೆ ವೈರು, ಗೇಣಿಗೊಂದು ತಗಡಿನ ಕ್ಲಿಪ್ಪು. ಅದಕ್ಕಿಂತ ಹಿಂದಿನ ಕಾಲದ ಮನೆಗಳಲ್ಲಿ ಮರದಲ್ಲಿ ಗಾಡಿ ಕೊರೆದು, ಅದರೊಳಗೆ ವೈರಿಟ್ಟು, ಮೇಲೆ ಮರದ್ದೇ ಮುಚ್ಚಳ ಹೊಡೀತಿದ್ರಂತೆ. ಕಪ್ಪು ಗುಂಡು ಸ್ವಿಚ್ಚು, ಟಕ್ ಅಂತ ಮೇಲೆ ಕೆಳಗೆ. ಅತ್ತೆ ಪ್ರತಿ ಯುಗಾದಿಗೆ ಸುಣ್ಣ ಹೊಡೆಸುವಾಗ ವೈರಿನ ಮೇಲೂ ಬಳಿಸಿಬಿಡ್ತಿದ್ರು. ವರ್ಷ ವರ್ಷ ಸುಣ್ಣ ಕುಡಿದು ಆ ವೈರಿನ ರಬ್ಬರು ಹಪ್ಪಳದ ಥರ ಮುರೀತಿತ್ತು.

ಆಗ ಮನೆ ಬೆಳಗ್ತಿದ್ದ ಬಲ್ಬು ಬಹಳ ಸಲ ನಮ್ಮೂರಿಂದೇ. ಮೈಸೂರ್ ಲ್ಯಾಂಪ್ಸ್ ನೆನಪಿದೆಯಲ್ವಾ? 1936ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆ. ಮೈಸೂರು ರಸ್ತೆಯ ಕವಿಕದಲ್ಲಿ ಟ್ರಾನ್ಸ್‌ಫಾರ್ಮರ್ ಮಾಡ್ತಾರೆ. ಅದೂ ರಾಜರ ಕಾಲದ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿನೇ. ಮಲ್ಲೇಶ್ವರದ ಹತ್ತಿರ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು, ಕಂಬದ ಮೇಲೆ ತಂತಿ ಕೂರಿಸೋ ಬಿಳೀ ಇನ್ಸುಲೇಟರ್ ಮಾಡೋಕೆ. ನೀರು ಬಿದ್ದ ಕಡೆ ಕರೆಂಟು ಮಾಡಿದ್ದೂ ಅಲ್ಲದೆ, ಆ ಕರೆಂಟಿಗೆ ಬೇಕಾದ ಸಾಮಾನನ್ನೂ ಇಲ್ಲೇ ಮಾಡಬೇಕು ಅಂತ ಹೊರಟಿದ್ದವರು ನಮ್ಮ ಹಿರೀಕರು.

ಇನ್ನು ಫ್ಯೂಸಿನ ವಿಷಯ. ಇದೇ ಮುಖ್ಯ, ಗಮನ ಇಟ್ಟು ಓದಿ.

ನಮ್ಮ ವಯಸ್ಸಿನವರಿಗೆಲ್ಲ ಬಿಳೀ ಪಿಂಗಾಣಿ ಫ್ಯೂಸು ಗೊತ್ತು. ಎಳೆದರೆ ಕೈಗೆ ಬರೋದು, ಎರಡು ತುದಿಗೆ ಎರಡು ಸ್ಕ್ರೂ, ಮಧ್ಯೆ ಕೂದಲೆಳೆಯಂಥ ತಂತಿ. ಫ್ಯೂಸ್ ಹೋಯ್ತು ಅಂದ್ರೆ ಅತ್ತೆ ಸೀಮೆಎಣ್ಣೆ ದೀಪ ಹಿಡ್ಕೊಂಡು, ಒಣಗಿದ ಮಣೆ ಮೇಲೆ ನಿಂತು, ಮೇನ್ ಕೆಳಗೆಳೆದು, ತಂತಿ ಸುತ್ತಿ ಹಾಕ್ತಿದ್ರು. ಗಂಡಸರು ಬರೋವರೆಗೂ ಕಾಯೋ ಪದ್ಧತಿ ಆ ಮನೆಯಲ್ಲಿರಲಿಲ್ಲ, ಮಾವ ಮೂರನೇ ಪಾಳಿ ಕೆಲಸದಲ್ಲಿ ಇರ್ತಿದ್ದಿದ್ದರಿಂದ. ಒಂದ್ಸಲ ಪಕ್ಕದ ಮನೆಯವರು ಬಂದು "ಪದೇ ಪದೇ ಹೋಗುತ್ತೆ, ದಪ್ಪ ತಂತಿ ಸುತ್ತಿಬಿಡಿ, ಮತ್ತೆ ಹೋಗಲ್ಲ" ಅಂದ್ರು. ಅತ್ತೆ ಅಂದಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಅದು ಹೋಗ್ಲಿ ಅಂತಾನೇ ಮಡಗಿರೋದು. ಅದು ಹೋಗ್ದಿದ್ರೆ ಮನೆ ಹೋಯ್ತದೆ."

ಫ್ಯೂಸಿನ ಶಾಸ್ತ್ರ ಪೂರ್ತಿ ಅಷ್ಟೇ. ಇಡೀ ವೈರಿನ ದಾರಿಯಲ್ಲಿ ಒಂದು ಕಡೆ ಬೇಕಂತಲೇ ದುರ್ಬಲವಾದ ತಂತಿ ಇಡೋದು. ಕರೆಂಟು ಜಾಸ್ತಿ ಹರಿದರೆ ಗೋಡೆಯೊಳಗಿನ ವೈರು ಕಾಯೋಕೆ ಮುಂಚೆ ಅದು ಕರಗಿ ದಾರಿ ಕಡೀಬೇಕು. ಆದ್ದರಿಂದ ಫ್ಯೂಸನ್ನ ಆರಿಸೋದು ಫ್ಯಾನು, ಫ್ರಿಜ್ಜು ನೋಡಿ ಅಲ್ಲ, ವೈರು ಎಷ್ಟು ತಡೆಯುತ್ತೆ ಅಂತ ನೋಡಿ. ವೈರು ಹದಿನೈದು ಆಂಪ್ಸ್ ತಡೆಯೋದಾದ್ರೆ ಫ್ಯೂಸು ಹದಿನೈದನ್ನ ಮೀರಬಾರದು.

ನಮ್ಮ ವ್ಯಾನಲ್ಲಿ ಆಗಿದ್ದೇನು ಅಂತ ಈಗ ನಿಮಗೇ ಗೊತ್ತಾಗಿರಬೇಕು. ಗಾಡಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಫ್ಯೂಸು ಬರುತ್ತೆ, ಬಣ್ಣದಲ್ಲೇ ಲೆಕ್ಕ. ಹತ್ತು ಆಂಪ್ಸಿಂದು ಕೆಂಪು, ಹದಿನೈದು ನೀಲಿ, ಇಪ್ಪತ್ತು ಹಳದಿ, ಮೂವತ್ತು ಹಸಿರು. ಭಾವ ಹೋದ ಬೇಸಿಗೆಯಲ್ಲಿ ಅದೇ ವೈರಿಗೆ ಇನ್ನೊಂದು ಫ್ಯಾನು, ಹಾಲು-ಮೊಸರು ತಣ್ಣಗಿಡೋ ಪೆಟ್ಟಿಗೆ ಸೇರಿಸಿದ್ರು. ನೀಲಿ ಫ್ಯೂಸು ಎರಡು ಸಲ ಹೋಯ್ತು. ದಾರಿಯಲ್ಲಿ ನೀಲಿ ಸಿಗಲಿಲ್ಲ ಅಂತ ಹಸಿರು ಹಾಕಿದ್ರು. ಆಮೇಲೆ ಫ್ಯೂಸು ಹೋಗಲೇ ಇಲ್ಲ. "ನೋಡು, ಈಗ ಎಷ್ಟು ಚೆನ್ನಾಗಿದೆ" ಅಂತ ಖುಷಿಪಟ್ಟರು. ಫ್ಯೂಸು ಎರಡು ಸಲ ಬೇಡ ಬೇಡ ಅಂತ ಹೇಳಿತ್ತು. ನಾವು ಹೇಳೋದನ್ನ ಬಾಯಿ ಮುಚ್ಚಿಸಿದ್ವಿ. ಭಾವನವರೊಬ್ಬರನ್ನೇ ಅನ್ನೋದು ಸರಿಯಲ್ಲ. ಪಕ್ಕದಲ್ಲಿ ಕೂತು ಡಬ್ಬಿಯಿಂದ ಆ ಹಸಿರು ಫ್ಯೂಸು ಹುಡುಕಿ ಕೊಟ್ಟವಳು ನಾನೇ.

ಇನ್ನು ಅರ್ತಿಂಗ್. ನಮ್ಮ ಮೂರು ಕಡ್ಡಿ ಪ್ಲಗ್ಗು ಬ್ರಿಟಿಷರ ಹಳೇ ಗುಂಡು ಕಡ್ಡಿ ಪ್ಲಗ್ಗಿನ ಸಂತತಿ. ಅವರು ಅಲ್ಲಿ ಬೇರೆ ಥರದ್ದಕ್ಕೆ ಹೋದ್ರೂ ನಾವು ಬಿಡಲಿಲ್ಲ. ಸಣ್ಣದು 5 ಆಂಪ್ಸ್, ದೊಡ್ಡದು 15 ಅಂತಿದ್ವಿ. ಈಗ 6, 16 ಅಂತ ಬರೆದಿರ್ತಾರೆ. ಅದರಲ್ಲಿ ಮೇಲಿನ ಕಡ್ಡಿ ಮಿಕ್ಕೆರಡಕ್ಕಿಂತ ಉದ್ದ, ದಪ್ಪ. ಯಾಕೆ ಗೊತ್ತಾ? ಪ್ಲಗ್ ಹಾಕುವಾಗ ಅದೇ ಮೊದಲು ಮುಟ್ಟಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು. ಮಿಕ್ಸಿ, ಗೀಸರ್ ಒಳಗೆ ವೈರು ಕಳಚಿ ತಗಡಿಗೆ ತಾಗಿದರೆ ಕರೆಂಟು ನಮ್ಮ ಮೈಮೇಲೆ ಹೋಗದೆ ಆ ಕಡ್ಡಿಯಿಂದ ಭೂಮಿಗೆ ಇಳಿಯಲಿ ಅಂತ. ಸಾಕೆಟ್ಟಿಗೆ ಹಿಡಿಸಲ್ಲ ಅಂತ ಎರಡು ಕಡ್ಡಿ ಅಡಾಪ್ಟರ್ ಸಿಕ್ಕಿಸೋರು, ಆ ಕಡ್ಡೀನೇ ಮುರಿದು ಹಾಕೋರು ಇದನ್ನ ಯೋಚಿಸಬೇಕು.

ಆ ಕಡ್ಡಿ ಹೋಗಿ ಸೇರೋದು ಮನೆ ಪಕ್ಕದ ಅರ್ತ್ ಗುಂಡಿಗೆ. ಅಲ್ಲಿ ಕಬ್ಬಿಣದ ಪೈಪು ಅಥವಾ ತಾಮ್ರದ ತಗಡು ಹೂತು ಸುತ್ತ ಇದ್ದಿಲು, ಕಲ್ಲುಪ್ಪು ತುಂಬಿರ್ತಾರೆ. ಉಪ್ಪು-ಇದ್ದಿಲು ತೇವ ಹಿಡಿದಿಟ್ಟುಕೊಳ್ಳಲಿ, ಕರೆಂಟು ಸಲೀಸಾಗಿ ಮಣ್ಣಿಗಿಳಿಯಲಿ ಅಂತ. ಮಣ್ಣು ಒಣಗಿದರೆ ಅದು ಕೆಲಸ ಮಾಡಲ್ಲ. ಅತ್ತೆ ಶಿವರಾತ್ರಿ ಕಳೆದ ಮೇಲೆ ಮಳೆ ಬರೋವರೆಗೂ ವಾರಕ್ಕೊಂದು ಬಿಂದಿಗೆ ನೀರು ಅಲ್ಲಿಗೆ ಸುರೀತಿದ್ರು. ನಾನು ಸೊಸೆಯಾಗಿ ಹೋದ ಹೊಸದರಲ್ಲಿ ಅಲ್ಲೇನೋ ನಾಗರಕಲ್ಲು ಇರಬೇಕು ಅಂತ ಕೈ ಮುಗಿದಿದ್ದೆ! ಈಗ ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ಕಾರು ನಿಲ್ಲಿಸೋಕೆ ಗುಂಡಿ ಮೇಲೆ ಕಾಂಕ್ರೀಟ್ ಹಾಕಿಸಿಬಿಟ್ಟಿದ್ದಾರೆ. ಒಂದು ಹನಿ ನೀರು ಇಳಿಯೋಕೆ ಜಾಗ ಇಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಕಥೆ ನಿಮಗೆ ಗೊತ್ತಿರೋದೇ. 1957ರಲ್ಲಿ ವಿದ್ಯುತ್ ಮಂಡಳಿ ಆಯ್ತು. ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕೆಇಬಿ. 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ. ನಮ್ಮ ಬಾಯಲ್ಲಿ ಮಾತ್ರ ಇವತ್ತಿಗೂ "ಕೆಇಬಿಯವರು ಬಂದಿದ್ದಾರೆ" ಅಂತಾನೇ. ಭಾಗ್ಯಜ್ಯೋತಿ ಅಂತ ಬಡವರ ಮನೆಗೆ ಒಂದು ಬಲ್ಬು ಕೊಟ್ಟರು. ನನ್ನ ತವರಿನ ಕೇರಿಯಲ್ಲಿ ಆ ಒಂದು ಬಲ್ಬನ್ನ ಅಡುಗೆಮನೆ-ನಡುಮನೆ ಮಧ್ಯದ ಗೋಡೆಯಲ್ಲಿ ತೂತು ಮಾಡಿ ಎರಡು ಕಡೆಗೂ ಬೆಳಕು ಬರೋ ಹಾಗೆ ಇಟ್ಟಿದ್ದರು. 2023ರಿಂದ ಗೃಹಜ್ಯೋತಿ, ಇನ್ನೂರು ಯೂನಿಟ್ಟಿನವರೆಗೆ. ಒಂದು ಬಲ್ಬಿನಿಂದ ಇನ್ನೂರು ಯೂನಿಟ್ಟಿಗೆ ಬಂದ್ವಿ. ಆದರೆ ಎಷ್ಟೋ ಮನೆಯಲ್ಲಿ ವೈರು ಮಾತ್ರ ಒಂದು ಬಲ್ಬಿನ ಕಾಲದ್ದೇ ಇದೆ.

ಮಧ್ಯದಲ್ಲಿ ಲೋಡ್ ಶೆಡ್ಡಿಂಗ್ ಕಾಲ. ನಮ್ಮ ಕರೆಂಟು ಬಹುಪಾಲು ನೀರಿಂದು, ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡ್ತಿತ್ತು. ಲಿಂಗನಮಕ್ಕಿಯಲ್ಲಿ ನೀರು ಎಷ್ಟಿದೆ ಅಂತ ಪೇಪರಿನಲ್ಲಿ ನೋಡಿ, ದೋಸೆಗೆ ಯಾವತ್ತು ರುಬ್ಬೋದು ಅಂತ ತೀರ್ಮಾನ ಮಾಡ್ತಿದ್ವಿ. 1985ರಲ್ಲಿ ರಾಯಚೂರಿನ ಕಲ್ಲಿದ್ದಲ ಸ್ಥಾವರ ಶುರುವಾಯ್ತು, ಆದರೂ ಕೊರತೆ ನಿಲ್ಲಲಿಲ್ಲ. ಹಾಗೇ ಮನೆಮನೆಗೆ ಯುಪಿಎಸ್ ಬಂದಿದ್ದು. ಮೆಟ್ಟಿಲ ಕೆಳಗೆ ಒಂದು ಬ್ಯಾಟರಿ, ಅದರ ಮೇಲೊಂದು ಪೆಟ್ಟಿಗೆ. ವ್ಯಾನಿನ ಮನೆಯೊಳಗೆ ಇರೋದೂ ಇದೇ. ಅಂದ್ರೆ ನಮಗೆ ಗೊತ್ತಿಲ್ಲದ ಹಾಗೆ ನಮ್ಮ ಮನೆಗಳೂ ಅರ್ಧ ವ್ಯಾನಿನ ಥರ ಆಗಿವೆ.

ಈ ಸೀಸದ ಬ್ಯಾಟರಿ ಹೊಸದಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಅನ್ನೋರು ಕಂಡುಹಿಡಿದಿದ್ದು. ಸೀಸದ ತಗಡು, ಆಸಿಡ್ಡು, ಅಷ್ಟೆ. ಅಂದಿನಿಂದ ಅದರ ಸ್ವಭಾವ ಹೆಚ್ಚು ಬದಲಾಗಿಲ್ಲ. ಬಾಣಂತಿ ಥರ, ಕಾಲಕಾಲಕ್ಕೆ ನೋಡಿಕೊಂಡರೆ ಗಟ್ಟಿ. ಚಾರ್ಜ್ ಆಗುವಾಗ ಅದರ ನೀರು ಆರುತ್ತೆ. ಗುರುತಿಗಿಂತ ಕೆಳಗಿಳಿದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಪಾತ್ರೆ ಮೇಲೆ ಬಿಳೀ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ಬ್ಯಾಟರಿ ಒಳಗೂ ಕಟ್ಟುತ್ತೆ. ಫಿಲ್ಟರ್ ನೀರೂ ಬೇಡ. ಆಸಿಡ್ ಅಂತೂ ಸೇರಿಸಲೇಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಅನ್ನೋ ಗ್ಯಾಸ್ ಬರುತ್ತೆ, ಕಿಡಿ ಸೋಕಿದರೆ ಢಮ್ ಅನ್ನುತ್ತೆ. ಹಾಗಾಗಿ ಗಾಳಿ ಆಡೋ ಜಾಗ ಬೇಕು. ಮೆಟ್ಟಿಲ ಕೆಳಗೆ ಬ್ಯಾಟರಿ, ಅದರ ಪಕ್ಕದಲ್ಲೇ ದೇವರ ಗೂಡು, ದೀಪ ಅಂತ ಇಟ್ಟಿರೋರು ಇವತ್ತೇ ಬದಲಾಯಿಸಿ.

ತುದಿಗಳಲ್ಲಿ ಬಿಳಿ-ಹಸಿರು ಬೂಷ್ಟಿನ ಥರ ಕಟ್ಟುತ್ತೆ. ಸಂಪರ್ಕ ತೆಗೆದು, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ಒರೆಸಿ, ಆಮೇಲೆ ವ್ಯಾಸಲೀನ್ ಸವರಿದರೆ ಸಾಕು. ಸೋಡಾ ನೀರು ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಇರಲಿ. ಕನ್ನಡಕ, ಕೈಗವಸು ಹಾಕ್ಕೊಳ್ಳಿ, ಬಳೆ ತೆಗೆದಿಡಿ. ಬ್ಯಾಟರಿಯ ಎರಡು ತುದಿಗೆ ಚಿನ್ನದ ಬಳೆ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಡ ಆಗುತ್ತೆ. ಇನ್ನು ಬ್ಯಾಟರೀನ ಪೂರ್ತಿ ಬಸಿಯೋವರೆಗೂ ಉಪಯೋಗಿಸಬಾರದು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತೆ. 12ಕ್ಕೆ ಇಳಿದರೆ ಮುಕ್ಕಾಲು ಪಾಲು ಖಾಲಿ ಅಂತ ಅರ್ಥ.

ಎಲೆಕ್ಟ್ರಿಷಿಯನ್ ಹುಡುಗ ವ್ಯಾನನ್ನ ಮೂರು ದಿನ ಬಿಚ್ಚಿ ನೋಡಿದ. ಮೊದಲನೇದು, ಆ ತೆಳ್ಳಗಿನ ವೈರು ತೆಗೆದು ದಪ್ಪಂದು ಹಾಕಿದ, ಪೆಟ್ಟಿಗೆಗೇ ಬೇರೆ ವೈರು, ಬೇರೆ ಫ್ಯೂಸು. ಎರಡನೇದು, ಬ್ಯಾಟರಿಯಿಂದ ಹೊರಟ ತಕ್ಷಣ, ಗೇಣುದ್ದದೊಳಗೆ ಇನ್ನೊಂದು ಫ್ಯೂಸು. ಯಾಕಂದ್ರೆ ಫ್ಯೂಸಿಗೆ ಮುಂಚಿನ ವೈರನ್ನ ಕಾಯೋರು ಯಾರೂ ಇಲ್ಲ. ಮೂರನೇದು, ತಗಡಿನ ತೂತಿನಲ್ಲಿ ವೈರು ನುಗ್ಗೋ ಕಡೆಯೆಲ್ಲ ರಬ್ಬರ್ ಬಳೆ ಹಾಕಿದ. ಮನೆ ಗೋಡೆ ಅಲ್ಲಾಡಲ್ಲ, ವ್ಯಾನು ದಿನಾ ಅಲ್ಲಾಡುತ್ತೆ. ತಗಡಿನ ಅಂಚು ಗರಗಸದ ಹಾಗೆ ವೈರನ್ನ ಕೊಯ್ಯುತ್ತೆ, ಸ್ಕ್ರೂಗಳು ತಾವಾಗೇ ಸಡಿಲ ಆಗ್ತವೆ. ಸಡಿಲ ಇದ್ದ ಕಡೆ ಕಿಡಿ, ಬಿಸಿ. ಲೈಟು ಮಂಕಾಗಿ ಜೋರಾಗ್ತಿದ್ದದ್ದು ಅದಕ್ಕೇ. ನಾಲ್ಕನೇದು, ವ್ಯಾನಲ್ಲಿ ಕರೆಂಟು ವಾಪಸ್ ಹೋಗೋದು ಬಹಳ ಸಲ ಗಾಡಿಯ ಕಬ್ಬಿಣದ ಮೈಯಿಂದಲೇ. ಅಲ್ಲಿ ತುಕ್ಕು ಹಿಡಿದಿದ್ದನ್ನ ಉಜ್ಜಿ ಬಿಗಿ ಮಾಡಿದ.

ಅವನು ಹೇಳಿದ ಇನ್ನೊಂದು ವಿಷಯ ನನಗೆ ಹೊಸದು. ಮನೆಯಲ್ಲಿ ಲೈನಿದೆಯಾ ಅಂತ ನೋಡೋ ಟೆಸ್ಟರ್ ಸ್ಕ್ರೂಡ್ರೈವರ್ ಹನ್ನೆರಡು ವೋಲ್ಟಿಗೆ ಹತ್ತಲ್ಲ. ಟೆಸ್ಟರ್ ಹತ್ತಲಿಲ್ಲ ಅಂದ್ರೆ ವ್ಯಾನಲ್ಲಿ ಕರೆಂಟಿಲ್ಲ ಅಂತ ಅಲ್ಲ. ಹಾಗೇ ಛತ್ರದಲ್ಲೋ ನೆಂಟರ ಮನೆಯಲ್ಲೋ ನಿಲ್ಲಿಸಿ ಅವರ ಮನೆಯಿಂದ ವ್ಯಾನಿಗೆ ಕರೆಂಟು ತಗೊಳ್ಳೋದಾದ್ರೆ ಅರ್ತ್ ಇರೋ ದೊಡ್ಡ ಸಾಕೆಟ್ಟಿನಿಂದಲೇ ತಗೊಳ್ಳಬೇಕು. ಎಕ್ಸ್‌ಟೆನ್ಷನ್ ವೈರನ್ನ ಸುರುಳಿ ಬಿಚ್ಚಿ ಪೂರ್ತಿ ಹಾಸಬೇಕು. ಸುತ್ತಿದ ಹಾಗೇ ಇಟ್ಟರೆ ಒಳಗಿನ ಬಿಸಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಕಾಯುತ್ತೆ. ಮದುವೆಮನೆಯಲ್ಲಿ ಇದನ್ನ ಎಷ್ಟು ಸಲ ನೋಡಿದ್ದೀವೋ.

ಹಳೇ ಗಾಡಿ ಅಂದ ತಕ್ಷಣ ಗುಜರಿ ಅಂತ ಯಾರೂ ಅನ್ನಬೇಡಿ. 2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿಯವರು ಓಡಿ ಮುಗಿದ ಬಸ್ಸೊಂದನ್ನ ಹೆಂಗಸರ ಶೌಚಾಲಯ ಮಾಡಿ ಮೆಜೆಸ್ಟಿಕ್ಕಿನಲ್ಲಿ ನಿಲ್ಲಿಸಿದ್ರಲ್ಲ, ಸ್ತ್ರೀ ಶೌಚಾಲಯ ಅಂತ, ಮಗುಗೆ ಹಾಲು ಕುಡಿಸೋಕೆ ಜಾಗ, ಬಿಸಿಲಿನಿಂದ ಉರಿಯೋ ಲೈಟು ಎಲ್ಲ ಇಟ್ಟು. ಗಾಡಿಗೆ ವಯಸ್ಸಾದರೆ ತೊಂದರೆ ಇಲ್ಲ. ಅದರ ವೈರಿಗೆ ವಯಸ್ಸಾಗಿದ್ದನ್ನ ನಾವು ಮರೆತರೆ ತೊಂದರೆ. ಮನೆಗೂ ಇದೇ ಮಾತು.

ರಾಜಾಜಿನಗರದ ಮನೆಯಲ್ಲಿ ಈಗ ಪಿಂಗಾಣಿ ಫ್ಯೂಸಿಲ್ಲ, ಎಂಸಿಬಿ ಇದೆ. ಕರೆಂಟು ಜಾಸ್ತಿಯಾದರೆ ಟಪ್ ಅಂತ ಕೆಳಗೆ ಬೀಳುತ್ತೆ. ಅದು ವೈರನ್ನ ಕಾಯುತ್ತೆ, ಮನುಷ್ಯರನ್ನಲ್ಲ. ಮನುಷ್ಯರನ್ನ ಕಾಯೋದು ಆರ್‌ಸಿಸಿಬಿ. ಮೂವತ್ತು ಮಿಲಿಆಂಪ್ಸ್ ಅಂದ್ರೆ ಬಹಳ ಸಣ್ಣ ಸೋರಿಕೆ, ಅಷ್ಟು ಕರೆಂಟು ದಾರಿ ತಪ್ಪಿದರೂ ಕಣ್ಣು ಮಿಟುಕಿಸೋದರೊಳಗೆ ಕಡಿಯುತ್ತೆ. ಅದರ ಮೇಲೆ "ಟಿ" ಅಂತ ಒಂದು ಗುಂಡಿ ಇರುತ್ತೆ. ಆಗಾಗ ಒತ್ತಿ ನೋಡಬೇಕು. ಒತ್ತಿದ ತಕ್ಷಣ ಕರೆಂಟು ಹೋದರೆ ಅದು ಸರಿಯಾಗಿದೆ ಅಂತ. ಹೋಗದಿದ್ದರೆ ಎಲೆಕ್ಟ್ರಿಷಿಯನ್ನನ್ನ ಕರೀರಿ. ನಾನು ಪ್ರತಿ ತಿಂಗಳು ಅಮಾವಾಸ್ಯೆ ದಿನ ಒತ್ತುತೀನಿ, ನೆನಪಿರಲಿ ಅಂತ. ಎಂಸಿಬಿ ಪದೇ ಪದೇ ಬೀಳ್ತಿದ್ದರೆ "ಇದು ಸರಿಯಿಲ್ಲ, ದೊಡ್ಡದು ಹಾಕಿ" ಅಂತ ಮಾತ್ರ ಹೇಳಬೇಡಿ. ಹಸಿರು ಫ್ಯೂಸಿನ ಕಥೆ ನೆನಪಿಸ್ಕೊಳ್ಳಿ.

ಅತ್ತೆ ಆಯುಧಪೂಜೆ ದಿನ ಮೀಟರ್ ಬೋರ್ಡಿಗೂ ಒಂದು ಬೊಟ್ಟು ಕುಂಕುಮ ಇಡ್ತಿದ್ರು. ಒಣಕೈಯಲ್ಲಿ, ಒಣಕುಂಕುಮ. ಆಮೇಲೆ ಮನೆ ಮಕ್ಕಳನ್ನೆಲ್ಲ ನಿಲ್ಲಿಸಿ, ಹೆಣ್ಣುಮಕ್ಕಳನ್ನೇ ಮುಂದೆ ಕರೆದು, "ಮೇನ್ ಎಲ್ಲೈತೆ ತೋರ್ಸಿ" ಅಂತ ಕೇಳ್ತಿದ್ರು. ತೋರಿಸಿದವರಿಗೆ ಮೊದಲು ಪುರಿ-ಕಡಲೆ. ಈ ಸಲ ವ್ಯಾನಿಗೆ ಪೂಜೆ ಮಾಡುವಾಗ ಅಕ್ಕ ಅದನ್ನೇ ಮಾಡ್ತಾರಂತೆ. ಫ್ಯೂಸಿನ ಡಬ್ಬಿ ಮುಚ್ಚಳದೊಳಗೆ ಈಗಾಗಲೇ ಒಂದು ಚೀಟಿ ಅಂಟಿಸಿದ್ದಾರೆ. ಅವರದೇ ದಪ್ಪಕ್ಷರದಲ್ಲಿ "ಇಲ್ಲಿ ನೀಲಿ ಮಾತ್ರ" ಅಂತ. ಪಕ್ಕದಲ್ಲಿ ಒಂದು ಪೊಟ್ಟಣ, ಅದರಲ್ಲಿ ಆರು ನೀಲಿ ಫ್ಯೂಸು. ಮೊನ್ನೆ ಮೊಮ್ಮಗಳನ್ನ ಮಂಚದ ಹತ್ತಿರ ಕೂರಿಸ್ಕೊಂಡು ಆ ಕೀಲಿ ತೋರಿಸ್ತಿದ್ರು. ಮಗು ಎರಡೂ ಕೈಯಲ್ಲಿ ಹಿಡಿದು ತಿರುವಿತು. ವ್ಯಾನಿನ ಲೈಟು ಆರಿತು. "ಈಗ ಕೂಗು" ಅಂದ್ರು ಅಕ್ಕ. ಮಗು ಬೀದಿಗೆಲ್ಲ ಕೇಳೋ ಹಾಗೆ "ತಾತಾ" ಅಂತ ಕೂಗಿತು.